27 ಗುಂಟೆ ನುಂಗಿದ ಸೊನ್ನೆ

"ನನ್ನ ಇಪ್ಪತ್ತೇಳು ಗುಂಟೆ ಯಾರು ತಿಂದ್ರಪ್ಪಾ?"

ಈ ಸಲ ಬಿತ್ತನೆ ಟೈಮಲ್ಲಿ ನಮ್ಮೂರಿನ ಅಜ್ಜಿ ಒಬ್ಬರು ಬಂದು ನಮ್ಮ ಜಗಲಿ ಮೇಲೆ ಕೂತು ಕೇಳಿದ ಮಾತು ಇದು. ಮೊದಲು ನನಗೆ ಅರ್ಥ ಆಗಲಿಲ್ಲ. ಬದು ಜಗಳ ಏನೋ, ಪಕ್ಕದ ಹೊಲದೋರು ಒತ್ತುವರಿ ಮಾಡಿರಬೇಕು ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ತಿಂದಿದ್ದು ಬೇರೆ ಯಾರೂ ಅಲ್ಲ, ನಾನೇ. ಸರಿಯಾಗಿ ಹೇಳ್ಬೇಕು ಅಂದ್ರೆ ನನ್ನ ಲ್ಯಾಪ್‌ಟಾಪಲ್ಲಿ ಕಾಣದೇ ಹೋದ ಒಂದು ಸೊನ್ನೆ. ಆ ಸೊನ್ನೆ ಕಥೆ ಇವತ್ತು ಬರೀತಿದೀನಿ. ನಿಮ್ಮ ಗುಂಪಲ್ಲೂ, ಸಂಘದಲ್ಲೂ ಯಾರಾದರೂ ಪಟ್ಟಿ ಮಾಡ್ತಾರೆ, ರಿಪೋರ್ಟ್ ಮಾಡ್ತಾರೆ. ಅವರಿಗೂ ಓದಿಸಿ. ಉದ್ದ ಆಗಿದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಶಿರಾ ಕಡೆ ಕಡ್ಲೆಕಾಯಿ ಅಂದ್ರೆ ಬೀಜದ್ದೇ ದೊಡ್ಡ ಖರ್ಚು. ಅದಕ್ಕೇ ಸುತ್ತಮುತ್ತ ಹಳ್ಳಿಯ 41 ಜನ ಸೇರಿ ಒಟ್ಟಿಗೆ ಬೀಜ ತರಿಸೋಣ ಅಂತ ಮಾತಾಡಿದ್ವಿ. ಲೆಕ್ಕ ಸುಲಭ ಇರ್ಲಿ ಅಂತ ಎಕರೆಗೆ 40 ಕೆಜಿ ಸುಲಿದ ಬೀಜ ಅಂತ ಇಟ್ವಿ. ಎಕರೆಗೆ 40 ಗುಂಟೆ, ಎಕರೆಗೆ 40 ಕೆಜಿ. ಅಂದ್ರೆ ಗುಂಟೆಗೆ ಒಂದು ಕೆಜಿ. ಓದು ಬರದೋರಿಗೂ ಬಾಯಲ್ಲೇ ಬರೋ ಲೆಕ್ಕ. ಬೀಜ ತಗೊಂಡ ಮೇಲೆ ದುಡ್ಡು ಕಟ್ಟೋದು ಅಂತ ಮಾತು.

ಎಷ್ಟು ಬೀಜ ಬೇಕು ಅಂತ ಒಟ್ಟು ಲೆಕ್ಕ ಹಾಕಿದ್ದು ನಮ್ಮ ಗುಂಪಿನ ಹಿರಿಯರು. ಅವರಿಗೆ ಯಾರ ಹೊಲ ಎಷ್ಟು ಅಂತ ಬಾಯಲ್ಲೇ ಇದೆ. ನೋಟ್‌ಬುಕ್ಕಲ್ಲಿ ಗುಂಟೆ ಗುಂಟೆ ಕೂಡಿಸಿ, 40 ಆದಾಗೆಲ್ಲ ಒಂದು ಗೀಟು ಎಳೆದು, ಇಷ್ಟು ಕೆಜಿ ಅಂತ ಹೇಳಿದ್ರು. ಆರ್ಡರ್ ಅದೇ ಪ್ರಕಾರ ಹೋಯ್ತು. ಹಂಚೋ ಪಟ್ಟಿ ಮಾತ್ರ ನನ್ನ ಪಾಲಿಗೆ ಬಂತು. "ನೀನು ಕಂಪ್ಯೂಟರ್ ಇಟ್ಕೊಂಡಿದೀಯ, ನೀನೇ ಮಾಡು" ಅಂದ್ರು. ನನಗೂ ಒಳಗೊಳಗೇ ಖುಷಿ.

ಹುಡುಗರ ಹತ್ರ ಹೆಸರು, ಸರ್ವೆ ನಂಬರ್, ವಿಸ್ತೀರ್ಣ ಬರೆಸಿದೆ. ಕೆಲವರು ಪಹಣಿ ನೋಡಿ ಹೇಳಿದ್ರು, ಕೆಲವರು ನೆನಪಿಂದ, ಕೆಲವರು ಫೋನಿಂದಾನೇ ಕಳಿಸಿದ್ರು. ಎಲ್ಲಾ ಸೇರಿಸಿ ಒಂದು ಸಿಎಸ್‌ವಿ ಫೈಲ್ ಆಯ್ತು. ಸಿಎಸ್‌ವಿ ಅಂದ್ರೆ ಗೊತ್ತಿಲ್ಲದೋರಿಗೆ ಹೇಳ್ತೀನಿ, ಅದು ಬರೀ ಅಕ್ಷರದ ಫೈಲು. ಒಂದು ಸಾಲಿಗೆ ಒಬ್ಬ ರೈತ, ಮಧ್ಯೆ ಅಲ್ಪವಿರಾಮ. ಅದನ್ನ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆಗೆದೆ. ಚುಕ್ಕಿಯ ಎಡಕ್ಕೆ ಇರೋದು ಎಕರೆ, ಬಲಕ್ಕೆ ಇರೋದು ಗುಂಟೆ ಅಂತ ಒಂದು ಫಾರ್ಮುಲಾ ಬರೆದೆ. ಎಕರೆನ 40ರಿಂದ ಗುಣಿಸು, ಗುಂಟೆ ಕೂಡಿಸು, ಅಷ್ಟು ಕೆಜಿ. ಐದು ನಿಮಿಷದ ಕೆಲಸ. ಪ್ರಿಂಟ್ ತೆಗೆದು ಹಂಚಿಸಿದೆ.

ಹಂಚಿದ ಮೇಲೆ 123 ಕೆಜಿ ಬೀಜ ಉಳೀತು. ನಾನು ಏನಂದ್ಕೊಂಡೆ ಗೊತ್ತಾ? "ಹಿರಿಯರು ಕೈಲೆಕ್ಕದಲ್ಲಿ ಸ್ವಲ್ಪ ಜಾಸ್ತಿ ಹಾಕಿದಾರೆ, ಇರ್ಲಿ" ಅಂತ. ಕೈಲೆಕ್ಕ ತಪ್ಪಿರಬಹುದು, ಕಂಪ್ಯೂಟರ್ ತಪ್ಪಿರಲ್ಲ ಅನ್ನೋ ಧೈರ್ಯ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಮಾರನೇ ದಿನವೇ ಅಜ್ಜಿ ಬಂದಿದ್ದು. "ಗುಂಟೆಗೆ ಕೆಜಿ ಅಂದ್ರಿ. ನಂದು ಎಕರೆ ಮೂವತ್ತು ಗುಂಟೆ. ಎಪ್ಪತ್ತು ಕೆಜಿ ಬರ್ಬೇಕು. ನಲವತ್ಮೂರು ಕೊಟ್ಟಿದೀರಿ. ಮಿಕ್ಕ ಇಪ್ಪತ್ತೇಳು ಗುಂಟೆ ಎಲ್ಲಿ ಹೋಯ್ತು?" ಅಜ್ಜಿಗೆ ಸಹಿ ಹಾಕೋಕೂ ಬರಲ್ಲ. ಲೆಕ್ಕ ಮಾತ್ರ ಒಂದು ಕೆಜಿನೂ ಆಚೀಚೆ ಇಲ್ಲ.

ಪಟ್ಟಿ ತೆಗೆದು ನೋಡಿದೆ. ಅವರ ಹೆಸರಿನ ಮುಂದೆ 1.3 ಅಂತ ಇತ್ತು. ಹುಡುಗ ಬರೆದಿದ್ದು 1.30. ಫೈಲಲ್ಲೂ 1.30 ಅಂತಲೇ ಇದೆ. ಎಕ್ಸೆಲ್ ತೆಗೆದಾಗ ಅದು "ಓಹೋ, ಇದು ಸಂಖ್ಯೆ, ದಶಾಂಶ ಸಂಖ್ಯೆ" ಅಂದ್ಕೊಳ್ತು. ದಶಾಂಶದಲ್ಲಿ ಕೊನೇ ಸೊನ್ನೆಗೆ ಬೆಲೆ ಇಲ್ಲ, 1.30 ಅಂದ್ರೂ 1.3 ಅಂದ್ರೂ ಒಂದೇ. ಸೊನ್ನೆ ತೆಗೆದು ಹಾಕ್ತು. ನನ್ನ ಫಾರ್ಮುಲಾ ಚುಕ್ಕಿಯ ಬಲಕ್ಕೆ ಬರೀ 3 ನೋಡಿ ಒಂದು ಎಕರೆ ಮೂರು ಗುಂಟೆ ಅಂತು. ನಲವತ್ಮೂರು ಕೆಜಿ.

ಅಲ್ಲಿಂದ ಒಂದೊಂದೇ ಸಾಲು ನೋಡ್ತಾ ಹೋದೆ. 10 ಗುಂಟೆ ಇದ್ದ ಇಬ್ಬರಿಗೆ ತಲಾ 9 ಕೆಜಿ ಕಮ್ಮಿ. 20 ಗುಂಟೆ ಇದ್ದ ಮೂವರಿಗೆ ತಲಾ 18 ಕಮ್ಮಿ. ಅಜ್ಜಿ ಸೇರಿ 30 ಗುಂಟೆಯ ಮೂವರಿಗೆ ತಲಾ 27 ಕಮ್ಮಿ. 25 ಗುಂಟೆ, 12 ಗುಂಟೆ, 37 ಗುಂಟೆ ಇದ್ದೋರೆಲ್ಲ ಸರಿಯಾಗೇ ತಗೊಂಡಿದ್ರು. ಪೆಟ್ಟು ಬಿದ್ದಿದ್ದು ಸೊನ್ನೆಯಲ್ಲಿ ಮುಗಿಯೋ ಹೊಲದೋರಿಗೆ ಮಾತ್ರ.

ಒಂಬತ್ತು, ಹದಿನೆಂಟು, ಇಪ್ಪತ್ತೇಳು. ಒಂಬತ್ತರ ಮಗ್ಗಿ! ಲೆಕ್ಕ ಬರೆಯೋ ಹಳೇ ಜನಕ್ಕೆ ಇದು ಗೊತ್ತು. ಎರಡು ಮೊತ್ತಕ್ಕೆ ತಾಳೆ ಆಗದೇ ಇದ್ದಾಗ ವ್ಯತ್ಯಾಸ ಒಂಬತ್ತರಿಂದ ಭಾಗ ಹೋಯ್ತು ಅಂದ್ರೆ, ಎಲ್ಲೋ ಒಂದು ಅಂಕಿ ಮನೆ ಬದಲಾಯಿಸಿದೆ, ಇಲ್ಲ ಎರಡು ಅಂಕಿ ಅದಲು ಬದಲಾಗಿವೆ ಅಂತ ಮೊದಲು ಅನುಮಾನ ಪಡ್ತಾರೆ. 30 ಹೋಗಿ 3 ಆದ್ರೆ ವ್ಯತ್ಯಾಸ 27. 54 ಹೋಗಿ 45 ಆದ್ರೆ 9. ಯಾವಾಗ್ಲೂ ಒಂಬತ್ತರ ಮನೆಯಲ್ಲೇ ಬರುತ್ತೆ. ನೆನಪಿಟ್ಕೊಳ್ಳಿ, ಹಾಲಿನ ಲೆಕ್ಕ, ಕೂಲಿ ಲೆಕ್ಕ ಎಲ್ಲಕ್ಕೂ ಉಪಯೋಗಕ್ಕೆ ಬರುತ್ತೆ.

ಅಷ್ಟಕ್ಕೇ ಮುಗೀಲಿಲ್ಲ. ಇನ್ನೊಬ್ಬರದು 2.5 ಅಂತ ಇತ್ತು. ಅವರು ಹೇಳಿದ್ದು "ಎರಡೂವರೆ ಎಕರೆ". ಹುಡುಗ ಎರಡೂವರೆ ಅಂದ್ರೆ 2.5 ಅಂತ ಬರೆದ. ಶಾಲೆಯಲ್ಲಿ ಕಲಿಸಿದ್ದು ಹಾಗೇ ತಾನೇ? ನನ್ನ ಫಾರ್ಮುಲಾ ಎರಡು ಎಕರೆ ಐದು ಗುಂಟೆ ಅಂತು. 100 ಕೆಜಿ ಬರ್ಬೇಕಾದಲ್ಲಿ 85. ಅದೇ ಪಟ್ಟಿಯಲ್ಲಿ ನಾಲ್ಕು ಸಾಲು ಕೆಳಗೆ ಮತ್ತೊಬ್ಬರದು 1.5. ಅವರದು ನಿಜವಾಗ್ಲೂ ಒಂದು ಎಕರೆ ಐದು ಗುಂಟೆ. ಒಂದೇ ಪಟ್ಟಿ, ಒಂದೇ ಥರದ ಬರಹ, ಒಂದು ಕಡೆ .5 ಅಂದ್ರೆ ಅರ್ಧ ಎಕರೆ, ಇನ್ನೊಂದು ಕಡೆ ಐದು ಗುಂಟೆ.

ಇನ್ನೂ ಇದೆ. ಒಬ್ಬ ಯುವಕ ಫೋನಲ್ಲಿ ಹೊಲದ ಸುತ್ತ ನಡೆದು ಅಳತೆ ಹಾಕೋ ಆಪ್ ಇಟ್ಕೊಂಡಿದಾನೆ. ಅದು 1.75 ಎಕರೆ ಅಂತ ತೋರಿಸ್ತು, ಅವನು ಹಾಗೇ ಕಳಿಸಿದ. ಒಂದೂ ಮುಕ್ಕಾಲು ಎಕರೆ, ಅಂದ್ರೆ ಒಂದು ಎಕರೆ 30 ಗುಂಟೆ, ಅಜ್ಜಿಯ ಹೊಲದಷ್ಟೇ. ನನ್ನ ಫಾರ್ಮುಲಾ ಒಂದು ಎಕರೆ ಎಪ್ಪತ್ತೈದು ಗುಂಟೆ ಅಂತ ಓದಿ 115 ಕೆಜಿ ಕೊಟ್ಬಿಡ್ತು. ಲೋಕದಲ್ಲಿ ಎಲ್ಲಾದ್ರೂ 75 ಗುಂಟೆ ಅಂತ ಇರುತ್ತಾ? 39 ಆದ್ಮೇಲೆ ಒಂದು ಎಕರೆ ಆಗ್ಬೇಕು. ಒಂದೇ ಅಳತೆಯ ಎರಡು ಹೊಲ, ಒಂದಕ್ಕೆ 43 ಕೆಜಿ, ಇನ್ನೊಂದಕ್ಕೆ 115. ಯಾರಾದ್ರೂ ಇದನ್ನ ನೋಡಿದ್ರೆ ನಾನು ಆ ಹುಡುಗನಿಗೆ ಬೇಕಾದೋನು, ಅಜ್ಜಿಗೆ ಬೇಡದೋನು ಅಂತಲೇ ಅಂತಿದ್ರು. ಹಾಗೆ ಅನ್ನೋರೂ ಇದ್ರು ಬಿಡಿ.

ಈಗ ಕೂಡಿಸಿ ನೋಡಿ. 18, 54, 81 ಸೇರಿ 153. ಎರಡೂವರೆ ಎಕರೆಯೋರದು 15 ಸೇರಿಸಿ 168. ಹುಡುಗನಿಗೆ ಹೆಚ್ಚು ಹೋದ 45 ಕಳೀರಿ. 123. ಗೋಡೌನಲ್ಲಿ ಉಳಿದಿದ್ದ ಬೀಜ ಅಷ್ಟೇ. ಹಿರಿಯರ ಕೈಲೆಕ್ಕ ಒಂದು ಕೆಜಿನೂ ತಪ್ಪಿರಲಿಲ್ಲ.

ಬೀಜ ಎಲ್ಲರಿಗೂ ವಾಪಸ್ ಮುಟ್ಟಿಸಿದ್ವಿ. ಹುಡುಗನೂ 45 ಕೆಜಿ ತಂದುಕೊಟ್ಟ. ಆದ್ರೆ ಹದ ಕಾಯಲ್ಲ ಅಲ್ವಾ? ಅಜ್ಜಿ ಬಾಡಿಗೆ ಟ್ರ್ಯಾಕ್ಟರ್ ಬಂದ ದಿನ ಇದ್ದಷ್ಟು ಬೀಜ ಬಿತ್ತಿಸಿಬಿಟ್ಟಿದ್ರು. ಮಿಕ್ಕ 27 ಗುಂಟೆಗೆ ಟ್ರ್ಯಾಕ್ಟರ್ ಮತ್ತೆ ಸಿಕ್ಕಿ, ಮತ್ತೆ ಮಳೆ ಬಂದು ಬಿತ್ತೋ ಹೊತ್ತಿಗೆ ಎರಡು ವಾರ ದಾಟಿತ್ತು. ಇವತ್ತು ಆ ಹೊಲದ ಪಕ್ಕ ಹೋದ್ರೆ ಕಾಣುತ್ತೆ. ಒಂದು ಕಡೆ ಗಿಡ ಹೂವಿಗೆ ಬಂದು ಊಡು ಇಳೀತಿದೆ, ಇನ್ನೊಂದು ಕಡೆ ಇನ್ನೂ ಎಳೇ ಗಿಡ. ಕೀಳೋಕೂ ಎರಡು ಸಲ ಆಳು ಕರೀಬೇಕು. ಒಂದು ಸೊನ್ನೆ ಬಿಟ್ಟು ಹೋದದ್ದಕ್ಕೆ ಒಂದೇ ಹೊಲದಲ್ಲಿ ಎರಡು ವಯಸ್ಸಿನ ಬೆಳೆ.

ಇದನ್ನ ಹೇಳಿದಾಗ ಜನ ಎರಡು ಥರ ಮಾತಾಡಿದ್ರು. ಒಬ್ಬರು, "ನಮ್ಮ ಜನಕ್ಕೆ ಸರಿಯಾಗಿ ಬರೆಯೋಕೇ ಬರಲ್ಲ, ಎಲ್ಲಾ ದಶಾಂಶದಲ್ಲಿ ಬರೀರಿ ಅಂತ ರೂಲ್ ಮಾಡಿ" ಅಂದ್ರು. ಇನ್ನೊಬ್ಬರು, "ಕಂಪ್ಯೂಟರ್ ಸಹವಾಸಾನೇ ಬೇಡ, ಪುಸ್ತಕಾನೇ ಸರಿ" ಅಂದ್ರು. ನನ್ನ ಪ್ರಕಾರ ಎರಡೂ ತಪ್ಪು.

ಮೊದಲನೇದು ನೋಡೋಣ. 1.30 ಅಂತ ಬರೆದಿದ್ದು ತಪ್ಪಲ್ಲ. ಗುಂಟೆ ಅಂದ್ರೆ 33 ಅಡಿ ಉದ್ದ 33 ಅಡಿ ಅಗಲ, 1,089 ಚದರ ಅಡಿ. ಅಂಥ 40 ಸೇರಿದ್ರೆ 43,560 ಚದರ ಅಡಿ, ಒಂದು ಎಕರೆ. ಗುಂಟೆಗೆ 16 ಆಣೆ. ಪಹಣಿಯಲ್ಲಿ ಎಕರೆ ಆದ್ಮೇಲೆ ಚುಕ್ಕಿ, ಗುಂಟೆ ಆದ್ಮೇಲೆ ಚುಕ್ಕಿ, ಆಮೇಲೆ ಆಣೆ. ಅಲ್ಲಿ ಚುಕ್ಕಿ ಅಂದ್ರೆ ಎರಡು ಅಳತೆ ಮಧ್ಯೆ ಹಾಕಿದ ಬದು ಅಷ್ಟೇ. ಹತ್ತನೇ ಭಾಗ, ನೂರನೇ ಭಾಗ ಅಂತ ಅರ್ಥ ಅಲ್ಲ. ಪಹಣಿಯಲ್ಲಿ ಎರಡು ಚುಕ್ಕಿ ಇರೋದೇ ಒಂದು ಥರ ಕಾವಲು. ಒಂದೇ ಸಂಖ್ಯೆಯಲ್ಲಿ ಎರಡು ಚುಕ್ಕಿ ಕಂಡ್ರೆ ಕಂಪ್ಯೂಟರ್ ಸಾಮಾನ್ಯವಾಗಿ ಅದನ್ನ ದಶಾಂಶ ಅಂದ್ಕೊಳ್ಳಲ್ಲ, ಇದ್ದ ಹಾಗೇ ಬಿಡುತ್ತೆ. ನಾವು ಆಣೆ ಬಿಟ್ಟು ಒಂದೇ ಚುಕ್ಕಿ ಇಟ್ಟು ಬರೆದಾಗಲೇ ಮೋಸ ಹೋಗೋದು.

ಇದು ನಮಗೆ ಹೊಸದೂ ಅಲ್ಲ. ಕ್ರಿಕೆಟ್ ನೋಡ್ತೀರಲ್ಲ? 4.3 ಓವರ್ ಅಂದ್ರೆ ನಾಲ್ಕು ಓವರ್ ಮೂರು ಬಾಲು, ಅಂದ್ರೆ ನಾಲ್ಕೂವರೆ ಓವರ್. 4.5 ಆದ್ಮೇಲೆ 4.6 ಬರಲ್ಲ, 5 ಬರುತ್ತೆ. ಊರಿನ ಚಿಕ್ಕ ಮಗುವಿಗೂ ಇದರಲ್ಲಿ ಗೊಂದಲ ಇಲ್ಲ, ಯಾಕಂದ್ರೆ ಓವರಿಗೆ ಆರು ಬಾಲು ಅಂತ ಗೊತ್ತು. ಹಾಗೇ 1.39 ಆದ್ಮೇಲೆ 2 ಬರುತ್ತೆ ಅಂತ ನಮಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ಹೇಳಿಕೊಡದೇ ಇದ್ದಿದ್ದು ನಾವು.

ಗೊತ್ತಿಲ್ಲದೇ ಕೂಡಿಸೋಕೆ ಬಿಟ್ರೆ ಏನಾಗುತ್ತೆ ನೋಡಿ. ಮೂರು ಜನ ಅಣ್ಣತಮ್ಮಂದಿರು, ತಲಾ 35 ಗುಂಟೆ. 0.35 ಅಂತ ಮೂರು ಸಲ ಬರೆದು ಮೊತ್ತ ಕೇಳಿ. 1.05 ಅನ್ನುತ್ತೆ. ನಾವು ಅದನ್ನ ಓದೋದು ಒಂದು ಎಕರೆ ಐದು ಗುಂಟೆ. ನಿಜ ಎಷ್ಟು? 105 ಗುಂಟೆ, ಅಂದ್ರೆ ಎರಡು ಎಕರೆ 25 ಗುಂಟೆ. ಬರೀ ಮೂರು ಸಾಲಿಗೆ ಒಂದು ಎಕರೆ 20 ಗುಂಟೆ ಮಾಯ. ಊರಿನ ಪಟ್ಟಿ ಕೂಡಿಸಿದ್ರೆ ಎಷ್ಟು ಮಾಯ ಆಗಬಹುದು ನೀವೇ ಯೋಚನೆ ಮಾಡಿ. ಬೆಳೆ ಎಷ್ಟು ಎಕರೆ ಇದೆ, ಎಷ್ಟು ಎಕರೆ ಒಣಗಿದೆ ಅಂತ ನಾವು ಬರೆದು ಕೊಡೋ ಅರ್ಜಿಗೆ ಇದೇ ಮೊತ್ತ ತಾನೇ ಹೋಗೋದು?

ಎರಡನೇ ಮಾತು, ಕಂಪ್ಯೂಟರ್ ಬೇಡ ಅನ್ನೋದು. ಅದೂ ಆಗಲ್ಲ. 41 ಜನದ ಲೆಕ್ಕ ಹಿರಿಯರು ಬಾಯಲ್ಲಿ ಹಾಕಿದ್ರು. ನಾಳೆ 400 ಜನ ಆದ್ರೆ? ಅವರ ಕೈಲಿ ಆಗದೇ ಇದ್ರೆ? ಕಂಪ್ಯೂಟರ್ ಕೂಡಿಸೋದ್ರಲ್ಲಿ ತಪ್ಪೇ ಮಾಡಲಿಲ್ಲ. ಅದು ತಪ್ಪಿದ್ದು ಊಹೆ ಮಾಡಿದ್ರಲ್ಲಿ. ಊಹೆ ಮಾಡೋಕೆ ಬಿಟ್ಟಿದ್ದು ನಾನು.

ಆದ್ದರಿಂದ ನನ್ನ ಅಭಿಪ್ರಾಯ ಒಂದೇ. ಪಟ್ಟಿ ಸರಿಪಡಿಸೋ ಜವಾಬ್ದಾರಿ ಬರೆದು ಕೊಟ್ಟ ರೈತನದಲ್ಲ, ಅದನ್ನ ಒಳಗೆ ತಗೊಳ್ಳೋನದು. ಅದೂ ಒಳಗೆ ತಗೊಳ್ಳುವ ಆ ಒಂದು ಕ್ಷಣದಲ್ಲೇ. ಆಮೇಲೆ ಸರಿ ಮಾಡ್ತೀನಿ ಅಂದ್ರೆ ಆಗಲ್ಲ. ಯಾಕೆ ಅಂತ ಹೇಳ್ತೀನಿ.

ನನ್ನ ಅಳಿಯ ಪೇಟೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡ್ತಾನೆ. ಅವನು, "ಅಷ್ಟೇ ತಾನೇ ಮಾವ, ಎಲ್ಲಾ ಸಾಲಿಗೂ ಎರಡು ದಶಾಂಶ ತೋರಿಸು ಅಂತ ಒತ್ತಿಬಿಡಿ, 1.3 ಹೋಗಿ 1.30 ಆಗುತ್ತೆ" ಅಂದ. ಒತ್ತಿದೆ. ಅಜ್ಜಿಯ 1.3, 1.30 ಆಯ್ತು, ನೋಡೋಕೆ ಚೆನ್ನಾಗೇ ಇತ್ತು. ಆದ್ರೆ ಒಂದು ಎಕರೆ ಐದು ಗುಂಟೆಯೋರ 1.5, 1.50 ಆಗೋಯ್ತು. ಐವತ್ತು ಗುಂಟೆ! ಒಬ್ಬರ ಗಾಯಕ್ಕೆ ಹಚ್ಚಿದ ಮುಲಾಮು ಇನ್ನೊಬ್ಬರಿಗೆ ವಿಷ. ಅದೂ ಅಲ್ದೇ ಹಾಗೆ ಒತ್ತಿದಾಗ ಬದಲಾಗೋದು ಕಾಣೋ ರೂಪ ಮಾತ್ರ. ಒಳಗೆ ಇರೋದು 1.3 ಅಂತಲೇ ಇರುತ್ತೆ, ಫಾರ್ಮುಲಾ ಅದನ್ನೇ ಓದುತ್ತೆ. ಗೋಡೆಗೆ ಸುಣ್ಣ ಹೊಡೆದ್ರೆ ಬಿರುಕು ಮುಚ್ಚುತ್ತೆ, ಹೋಗಲ್ಲ.

ಒಂದು ಸಲ ಸೊನ್ನೆ ಕಳೆದು ಸೇವ್ ಆಯ್ತು ಅಂದ್ರೆ, ಅದು 1.30 ಆಗಿತ್ತಾ, 1.3 ಆಗಿತ್ತಾ ಅಂತ ಯಾವ ಫಾರ್ಮುಲಾನೂ ಹೇಳೋಕಾಗಲ್ಲ. ರೈತನನ್ನೇ ಕೇಳ್ಬೇಕು, ಇಲ್ಲ ಪಹಣಿ ನೋಡ್ಬೇಕು. ಬಿತ್ತಿದ ಮೇಲೆ ಬೀಜ ಆರಿಸೋಕೆ ಆಗುತ್ತಾ? ಹಾಗೇ ಇದು.

ಈಗ ನಾನು ಮಾಡ್ತಿರೋ ಕ್ರಮ ಬರೀತೀನಿ. ನಿಮ್ಮ ಹುಡುಗರಿಗೆ ಓದಿಸಿ.

ಮೊದಲನೇದು, ಸಿಎಸ್‌ವಿ ಫೈಲ್ ಡಬಲ್ ಕ್ಲಿಕ್ ಮಾಡಬೇಡಿ. ಎಕ್ಸೆಲ್‌ನಲ್ಲಿ ಖಾಲಿ ಹಾಳೆ ತೆಗೆದು, ಡೇಟಾ ಅನ್ನೋ ಕಡೆ ಹೋಗಿ ಫೈಲನ್ನ ಒಳಗೆ ತಗೊಳ್ಳಿ. ಆಗ ವಿಸ್ತೀರ್ಣದ ಕಾಲಂ 'ಟೆಕ್ಸ್ಟ್' ಅಂತ ಆರಿಸ್ಕೊಳ್ಳಿ. ಗೂಗಲ್ ಶೀಟ್ಸ್ ಆದ್ರೆ ಇಂಪೋರ್ಟ್ ಮಾಡುವಾಗ ಅಕ್ಷರಗಳನ್ನ ಸಂಖ್ಯೆ, ತಾರೀಖು ಮಾಡೋದಾ ಅಂತ ಒಂದು ಟಿಕ್ ಇರುತ್ತೆ, ಅದನ್ನ ತೆಗೀರಿ. ಆಗ 1.30 ಅನ್ನೋದು 1.30 ಆಗೇ ಬರುತ್ತೆ. ಟಿಕ್ ಬಿಟ್ರೆ ಇನ್ನೊಂದು ತಮಾಷೆ ಇದೆ. ಕೆಲವರು ಚುಕ್ಕಿ ಬದಲು ಅಡ್ಡಗೀಟು ಹಾಕ್ತಾರೆ, 2-10 ಅಂತ. ನನ್ನ ಲ್ಯಾಪ್‌ಟಾಪ್ ಅದನ್ನ ತಾರೀಖು ಮಾಡಿ ಅಕ್ಟೋಬರ್ 2 ಅಂತ ಕೂರಿಸ್ತು. ಎರಡು ಎಕರೆ ಹತ್ತು ಗುಂಟೆ ಗಾಂಧಿ ಜಯಂತಿ ಆಗೋಯ್ತು.

ಎರಡನೇದು, ರೈತ ಬರೆದ ಕಾಲಂ ಯಾವತ್ತೂ ತಿದ್ದಬೇಡಿ. ಅದು ಮೂಲ ಪತ್ರ ಇದ್ದ ಹಾಗೆ. ಪಕ್ಕದಲ್ಲಿ ಎರಡು ಹೊಸ ಕಾಲಂ ಮಾಡಿ, ಒಂದು ಎಕರೆ, ಒಂದು ಗುಂಟೆ. ಎರಡರಲ್ಲೂ ಪೂರ್ಣ ಸಂಖ್ಯೆ ಮಾತ್ರ, ಚುಕ್ಕಿನೇ ಇರ್ಬಾರ್ದು. ಮೂರನೇ ಕಾಲಂನಲ್ಲಿ ಎಕರೆ 40ರಿಂದ ಗುಣಿಸಿ ಗುಂಟೆ ಕೂಡಿಸಿ. ಕೂಡೋದು, ಹಂಚೋದು ಎಲ್ಲಾ ಗುಂಟೆಯಲ್ಲೇ. ರಿಪೋರ್ಟಿಗೆ ಎಕರೆ ಬೇಕು ಅಂದ್ರೆ ಕೊನೆಯಲ್ಲಿ ಒಂದೇ ಸಲ 40ರಿಂದ ಭಾಗಿಸಿ, ಭಾಗಲಬ್ಧ ಎಕರೆ, ಶೇಷ ಗುಂಟೆ.

ಮೂರನೇದು, ಅನುಮಾನದ ಸಾಲಿಗೆ ಬಣ್ಣ ಹಾಕಿ. ಚುಕ್ಕಿಯ ಬಲಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಅದು ಗುಂಟೆ ಅಲ್ಲ, ಯಾರೋ ದಶಾಂಶದಲ್ಲಿ ಬರೆದಿದಾರೆ. ಚುಕ್ಕಿಯ ಬಲಕ್ಕೆ ಒಂದೇ ಅಂಕಿ ಇದ್ರೆ ಅದು ಐದು ಗುಂಟೆನೋ, ಅರ್ಧ ಎಕರೆನೋ, ಸೊನ್ನೆ ಕಳೆದ ಐವತ್ತೋ ಗೊತ್ತಿಲ್ಲ. ಎರಡಕ್ಕೂ ಔಷಧ ಒಂದೇ, ಫೋನು. ನೀವೇ ಊಹೆ ಮಾಡಿ ತಿದ್ದಬೇಡಿ. ಫೋನ್ ಮಾಡಿ, "ಎಷ್ಟು ಎಕರೆ, ಎಷ್ಟು ಗುಂಟೆ, ಬಾಯಲ್ಲಿ ಹೇಳಿ" ಅನ್ನಿ. ಬಾಯಲ್ಲಿ ಯಾರೂ "ಒಂದು ಪಾಯಿಂಟ್ ಮೂರು" ಅನ್ನಲ್ಲ, "ಎಕರೆ ಮೂವತ್ತು ಗುಂಟೆ" ಅಂತಾರೆ. ನಮ್ಮ ಬಾಯಿಲೆಕ್ಕದಲ್ಲಿ ಈ ಗೊಂದಲಾನೇ ಇಲ್ಲ. 41 ಸಾಲಲ್ಲಿ ನನಗೆ ಹೀಗೆ ಮಾಡ್ಬೇಕಾಗಿದ್ದು ಮೂರೇ ಫೋನು, 1.5, 2.5, 1.75. ಅರ್ಧ ಗಂಟೆನೂ ಆಗ್ತಿರಲಿಲ್ಲ.

ನಾಲ್ಕನೇದು, ಗಡಿ ಆಚೆ ಜಮೀನು ಇದ್ದೋರನ್ನ ಬೇರೆ ಕೇಳಿ. ನಮ್ಮಲ್ಲಿ ಕೆಲವರಿಗೆ ಮಡಕಶಿರಾ ಕಡೆ ಹೊಲ ಇದೆ. ಅಲ್ಲಿ ಸೆಂಟ್ಸ್ ಲೆಕ್ಕ, ಎಕರೆಗೆ 100 ಸೆಂಟ್ಸ್. ಅಲ್ಲಿ 1.30 ಅಂದ್ರೆ ಒಂದು ಎಕರೆ 30 ಸೆಂಟ್ಸ್, ನಮ್ಮ ಲೆಕ್ಕಕ್ಕೆ ಒಂದು ಎಕರೆ 12 ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ನೋಡೋಕೆ ಅದೇ 1.30, ಅಂತರ 18 ಗುಂಟೆ. ಅದಕ್ಕೇ ಅಂಕಿ ಮುಂದೆ ಅಳತೆ ಹೆಸರು ಬರೀಲೇಬೇಕು ಅಂತ ಹಠ ಹಿಡೀರಿ.

ಐದನೇದು, ಹೊಂದಿಕೆ. ಕೈಲೆಕ್ಕದ ಮೊತ್ತ ಒಂದು, ಕಂಪ್ಯೂಟರ್ ಮೊತ್ತ ಒಂದು, ಎರಡೂ ತಾಳೆ ಆಗೋವರೆಗೂ ಪ್ರಿಂಟ್ ತೆಗೀಬೇಡಿ. ಸಾಲು ಎಷ್ಟು ಅಂತಲೂ ಎಣಿಸಿ. ಅಂಕಿ ಜಾಗದಲ್ಲಿ ಅಕ್ಷರ ಸೇರಿದ್ರೆ ಕಂಪ್ಯೂಟರ್ ಆ ಸಾಲನ್ನ ಮೊತ್ತಕ್ಕೆ ಸೇರಿಸದೇ ಸುಮ್ಮನೆ ದಾಟಿ ಹೋಗುತ್ತೆ, ಕೂಗಲ್ಲ. ಹೋದ ವರ್ಷ ವಂತಿಗೆ ಲೆಕ್ಕದಲ್ಲಿ ನನಗೆ ಹೀಗಾಗಿತ್ತು. ಯಾರೋ ಕನ್ನಡ ಅಂಕಿಯಲ್ಲಿ ಬರೆದು ಸೊನ್ನೆ ಬದಲು ಅನುಸ್ವಾರ ಒತ್ತಿದ್ರು. ಕಣ್ಣಿಗೆ ಎರಡೂ ಒಂದೇ ದುಂಡಗೆ. ಒಂದು ಗುರುತು ಹೇಳ್ತೀನಿ, ನೀವು ಏನೂ ಬದಲಾಯಿಸದೇ ಇದ್ರೆ ಸಂಖ್ಯೆ ಬಲಗಡೆಗೆ ಒತ್ತಿ ಕೂರುತ್ತೆ, ಅಕ್ಷರ ಎಡಗಡೆಗೆ. ಸಂಖ್ಯೆ ಇರಬೇಕಾದ ಕಾಲಂನಲ್ಲಿ ಎಡಕ್ಕೆ ವಾಲಿರೋದು ಕಂಡ್ರೆ ಅನುಮಾನ ಪಡಿ.

ಆರನೇದು, ಎಲ್ಲಕ್ಕಿಂತ ಮುಖ್ಯ. ಪಟ್ಟಿ ಆದ್ಮೇಲೆ ಎಲ್ಲರ ಮುಂದೆ ಗಟ್ಟಿಯಾಗಿ ಓದಿ. ಅಂಕಿಯಲ್ಲಲ್ಲ, ಮಾತಲ್ಲಿ. "ಒಂದು ಎಕರೆ ಮೂರು ಗುಂಟೆ" ಅಂತ ನಾನು ಅವತ್ತು ಓದಿದ್ದಿದ್ರೆ ಅಜ್ಜಿ ಅಲ್ಲೇ ಎದ್ದು ನಿಂತು ಬೈದಿರೋರು. ಬೀಜ ಮೂಟೆ ಬಿಚ್ಚೋ ಮುಂಚೆನೇ ಮುಗಿದು ಹೋಗ್ತಿತ್ತು.

ಚುಕ್ಕಿಯ ಚೇಷ್ಟೆ ಜಮೀನಿಗೆ ಮಾತ್ರ ಅಲ್ಲ. ತೂಕದಲ್ಲಿ 12 ಕ್ವಿಂಟಾಲ್ 5 ಕೆಜಿನ 12.5 ಅಂತ ಬರೆದ್ರೆ ಓದೋನಿಗೆ ಅದು ಹನ್ನೆರಡೂವರೆ ಕ್ವಿಂಟಾಲ್, 45 ಕೆಜಿ ವ್ಯತ್ಯಾಸ. ಸರಿಯಾಗಿ ಬರೆದ್ರೆ 12.05. ಮಳೆ ಲೆಕ್ಕವನ್ನ ಇಂಚು ಸೆಂಟ್ಸಲ್ಲಿ ಇಡೋರು ಐದು ಸೆಂಟ್ಸ್ ಮಳೆನ 0.5 ಅಂತ ಬರೆದ್ರೆ ಹನಿ ಮಳೆ ಹೋಗಿ ಅರ್ಧ ಇಂಚು ಆಗುತ್ತೆ. ಇಂಚಿಗೆ 25.4 ಮಿಲಿಮೀಟರ್, ಅಂದ್ರೆ ಒಂದೂಕಾಲು ಮಿಲಿಮೀಟರ್ ಬಿದ್ದಿದ್ದು ಹನ್ನೆರಡೂ ಮುಕ್ಕಾಲು ಮಿಲಿಮೀಟರ್ ಹತ್ರ ಆಗುತ್ತೆ. ಅದನ್ನ ನಂಬಿ ಯಾರಾದ್ರೂ ಹದ ಇದೆ ಅಂತ ಬಿತ್ತಿದ್ರೆ? ಹೊರದೇಶದಿಂದ ತರಿಸಿದ ಮಳೆ ಯಂತ್ರ, ಮಣ್ಣಿನ ಯಂತ್ರಗಳ ಫೈಲಲ್ಲಿ ಇನ್ನೊಂದು ಇದೆ. ಜರ್ಮನಿ, ಫ್ರಾನ್ಸ್ ಕಡೆ ದಶಾಂಶಕ್ಕೆ ಚುಕ್ಕಿ ಬದಲು ಅಲ್ಪವಿರಾಮ ಹಾಕೋದು, 12,5 ಅಂತ. ನಮ್ಮ ಕಡೆ ಅಲ್ಪವಿರಾಮ ಅಂದ್ರೆ ಸಾವಿರ, ಲಕ್ಷ ಬೇರೆ ಮಾಡೋಕೆ. ಅಂಥ ಫೈಲ್ ಹಾಗೇ ತೆಗೆದ್ರೆ 12,5 ಒಂದೋ 125 ಆಗುತ್ತೆ, ಇಲ್ಲ ಎರಡು ಕಾಲಂ ಆಗಿ ಒಡೆಯುತ್ತೆ, ಇಲ್ಲ ಅಕ್ಷರ ಆಗಿ ಕೂರುತ್ತೆ. ನಾವು 1,25,000 ಅಂತ ಅಲ್ಪವಿರಾಮ ಹಾಕಿ ಬರೆದ ಮೊತ್ತಾನೂ ಸಿಎಸ್‌ವಿಯಲ್ಲಿ ಉದ್ಧರಣ ಚಿಹ್ನೆ ಇಲ್ಲದೇ ಹೋದ್ರೆ ಮೂರು ಚೂರಾಗುತ್ತೆ. ಎಲ್ಲಕ್ಕೂ ಮದ್ದು ಅದೇ. ಮೊದಲು ಅಕ್ಷರವಾಗಿ ಒಳಗೆ ತಗೊಳ್ಳಿ, ಆಮೇಲೆ ಚುಕ್ಕಿ ಏನು, ಅಲ್ಪವಿರಾಮ ಏನು ಅಂತ ನೋಡಿ, ಕೊನೆಗೆ ಸಂಖ್ಯೆ ಮಾಡಿ.

"ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಯಾಕೆ" ಅಂತ ಯಾರಾದ್ರೂ ಕೇಳಬಹುದು. ಸಣ್ಣದಲ್ಲ. ನಮ್ಮ ಹೆಸರು, ನಮ್ಮ ಹೊಲ ಈಗ ಎಷ್ಟೋ ಪಟ್ಟಿಗಳಲ್ಲಿ ಓಡಾಡುತ್ತೆ. ಬೀಜಕ್ಕೆ, ಗೊಬ್ಬರಕ್ಕೆ, ವಿಮೆಗೆ, ಸಾಲಕ್ಕೆ, ಪರಿಹಾರಕ್ಕೆ. ಒಂದು ಫೈಲಿಂದ ಇನ್ನೊಂದು ಫೈಲಿಗೆ ಹೋಗುವಾಗೆಲ್ಲ ಯಾರೋ ಒಬ್ಬ ನನ್ನ ಥರದೋನು ಡಬಲ್ ಕ್ಲಿಕ್ ಮಾಡ್ತಿರ್ತಾನೆ. ಅವನಿಗೆ ನಮ್ಮ ಮೇಲೆ ದ್ವೇಷ ಇರಲ್ಲ. ಐದು ನಿಮಿಷದಲ್ಲಿ ಮುಗಿಸೋ ಆತುರ ಇರುತ್ತೆ ಅಷ್ಟೇ. ಅಜ್ಜಿ ಬಂದು ಕೇಳಿದ್ರು, ಯಾಕಂದ್ರೆ ನಾನು ಅದೇ ಊರಲ್ಲಿ ಇದ್ದೆ, ಜಗಲಿ ಹತ್ರ ಇತ್ತು. ಪಟ್ಟಿ ದೂರದಲ್ಲಿ ಆಗಿದ್ದಿದ್ರೆ? "ಕೊಟ್ಟಷ್ಟು ಕೊಟ್ರು" ಅಂತ ಸುಮ್ಮನಾಗ್ತಿದ್ರು. ಉಳಿದ ಎಂಟು ಜನ ಸುಮ್ಮನೇ ಇದ್ರಲ್ಲ, ಹಾಗೆ. ಆ ಎಂಟು ಜನದ ಮೌನವೇ ನನಗೆ ಜಾಸ್ತಿ ಚುಚ್ಚಿದ್ದು.

ಆದ್ದರಿಂದ ನಿಮ್ಮ ಪಟ್ಟಿ ಯಾರು ಮಾಡಿದ್ರೂ, ನಿಮ್ಮ ಸಾಲು ತೋರಿಸಿ ಅಂತ ಕೇಳಿ. ಅದು ಅಪನಂಬಿಕೆ ಅಲ್ಲ. ಪಟ್ಟಿ ಮಾಡೋರು ನೀವಾದ್ರೆ ಕೇಳಿದೋರ ಮೇಲೆ ಸಿಟ್ಟಾಗಬೇಡಿ. ಕೇಳಿದೋರೇ ನಿಮ್ಮ ತಪ್ಪು ಹಿಡಿದು ಕೊಡೋರು, ಅವರಿಗೆ ಒಂದು ಲೋಟ ಟೀ ಕೊಡಿ.

ನಮ್ಮ ಗುಂಪಲ್ಲಿ ಈಗ ಹೊಸ ಫಾರಂ ಮಾಡಿದೀವಿ. ಎಕರೆಗೆ ಒಂದು ಚೌಕ, ಗುಂಟೆಗೆ ಎರಡು ಚೌಕ. ಐದು ಗುಂಟೆ ಇದ್ರೂ 05 ಅಂತ ಎರಡೂ ಚೌಕ ತುಂಬಬೇಕು. ಮಧ್ಯೆ ಚುಕ್ಕಿ ಇಲ್ಲವೇ ಇಲ್ಲ. ಕೆಳಗೆ ಒಂದು ಗೆರೆ, ಅದರ ಮೇಲೆ ಅಕ್ಷರದಲ್ಲಿ ಬರೀಬೇಕು. ಮೊದಲನೇ ಫಾರಂ ತುಂಬಿಸಿದ್ದು ಅಜ್ಜಿಯದೇ. ಬರೆದಾದ್ಮೇಲೆ ಓದಿ ಹೇಳು ಅಂದ್ರು. "ಒಂದು ಎಕರೆ ಮೂವತ್ತು ಗುಂಟೆ" ಅಂತ ಓದಿದೆ. "ಹ್ಞಾಂ, ಈಗ ಹಾಕು ಹೆಬ್ಬೆಟ್ಟು" ಅಂತ ಇಂಕ್ ಪ್ಯಾಡ್ ಎಳ್ಕೊಂಡ್ರು.

ನಿಮ್ಮ ಕಡೆ ವಿಸ್ತೀರ್ಣ ಹೇಗೆ ಬರೀತೀರಿ? ಚುಕ್ಕಿನೋ, ಗೀಟೋ, ಸೆಂಟ್ಸೋ? ಹೀಗೆ ಮೋಸ ಹೋಗಿದ್ರೆ ಕೆಳಗೆ ಬರೀರಿ. ಫಾರಂ ಬೇಕಾದೋರು ಭಾನುವಾರ ನಮ್ಮ ಹೊಲದ ಹತ್ರ ಬನ್ನಿ, ಎರಡು ವಯಸ್ಸಿನ ಕಡ್ಲೆಕಾಯಿ ಹೊಲಾನೂ ದಾರಿಯಲ್ಲೇ ಇದೆ, ನೋಡ್ಕೊಂಡು ಹೋಗಬಹುದು.